18 ಅಥವಾ 21? ಬಾರ್ ಕೌಂಟರಿನ ವಯಸ್ಸಿನ ಬಗ್ಗೆ ವಕೀಲರಿಗೆ ನಿಮ್ಮ ಪ್ರಶ್ನೆಗಳು

ನಮಸ್ಕಾರ. ಹೋದ ವಾರ ಈ ಗುಂಪಿನಲ್ಲಿ ಒಬ್ಬರು "ಕರ್ನಾಟಕದಲ್ಲಿ ಮದ್ಯ ಕೊಳ್ಳಲು ಎಷ್ಟು ವಯಸ್ಸಾಗಿರಬೇಕು" ಎಂದು ಕೇಳಿದ್ದರು. ಕೆಳಗೆ ಜಗಳವೇ ಆಯಿತು. ಅರ್ಧ ಜನ 18 ಎಂದರು, ಅರ್ಧ ಜನ 21 ಎಂದರು. ತಮಾಷೆ ಏನೆಂದರೆ, ಇಬ್ಬರ ಕೈಯಲ್ಲೂ ಸರ್ಕಾರದ್ದೇ ಕಾಗದ ಇದೆ. ನಾನು ಹಾಸನದಲ್ಲಿ ವಕೀಲಿ ಮಾಡುವವಳು. ಅಬಕಾರಿ ಲೈಸೆನ್ಸ್ ಕೇಸುಗಳೇ ನನ್ನ ಹತ್ತಿರ ಜಾಸ್ತಿ. ಹಾಗಾಗಿ ಅಡ್ಮಿನ್ ಈ ವಾರ ನನ್ನನ್ನು ಕೂರಿಸಿದ್ದಾರೆ. ಕೇಳಿ.

ದಾವಣಗೆರೆಯ ತಂದೆಯೊಬ್ಬರು: ಮೇಡಂ, ಮಗನಿಗೆ 19 ವರ್ಷ. ಬೆಂಗಳೂರಿನಲ್ಲಿ ಬಿ.ಇ. ಓದುತ್ತಿದ್ದಾನೆ. ಹೇಳದೆ ಕೇಳದೆ ರೂಮಿಗೆ ಹೋಗಿದ್ದೆ, ಮಂಚದ ಕೆಳಗೆ ನಾಲ್ಕು ಬಿಯರ್ ಬಾಟ್ಲಿ ಇದ್ದವು. ಗದರಿದರೆ, "ಅಪ್ಪಾ, ಕಾನೂನಿನಲ್ಲಿ 18 ಅಂತಿದೆ, ಬೇಕಾದರೆ ಮೊಬೈಲಲ್ಲಿ ನೋಡಿ" ಎಂದ. ನಿಜವಾ?

ಉತ್ತರ: ಅರ್ಧ ನಿಜ ಸರ್. ಮಗ ಕಾಯ್ದೆ ಓದಿದ್ದಾನೆ, ನಿಯಮ ಓದಿಲ್ಲ.

1965ರ ಕರ್ನಾಟಕ ಅಬಕಾರಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, 18 ತುಂಬದವರಿಗೆ ಮದ್ಯ ಮಾರಿದರೆ ಅದು ಅಪರಾಧ. ಮಗ ತೋರಿಸಿದ್ದು ಇದನ್ನು. ಆದರೆ ಬಾರ್‌ನವರಿಗೆ, ವೈನ್ ಸ್ಟೋರ್‌ನವರಿಗೆ ಲೈಸೆನ್ಸ್ ಕೊಡುವಾಗ ಹಾಕುವ ಷರತ್ತುಗಳು ಬೇರೆ ಇವೆ. ಅವು 1967ರ ನಿಯಮಗಳಲ್ಲಿವೆ. ಅಲ್ಲಿ 10ನೇ ನಿಯಮದಲ್ಲಿ 21 ತುಂಬದವರಿಗೆ ಮಾರಬಾರದು ಎಂದಿದೆ.

ಎರಡೂ ಒಂದಕ್ಕೊಂದು ಹೊಡೆದಾಡುತ್ತವೆ ಎಂದು ಹಲವರು ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಕಾಯ್ದೆ ಕೆಳಗಿನ ಗೆರೆ, ಲೈಸೆನ್ಸ್ ಷರತ್ತು ಅದಕ್ಕಿಂತ ಮೇಲಿನ ಗೆರೆ. ಅಂಗಡಿಯವನು ಎರಡನ್ನೂ ಪಾಲಿಸಬೇಕು. 19ರ ಹುಡುಗನಿಗೆ ಬಾಟ್ಲಿ ಕೊಟ್ಟರೆ ಷರತ್ತು ಮುರಿದಂತೆ. ಲೈಸೆನ್ಸ್ ಅಮಾನತಾಗಬಹುದು, ರದ್ದೂ ಆಗಬಹುದು.

ಇನ್ನೊಂದು ಮಾತು. ಈ ಷರತ್ತು ಕಟ್ಟಿಹಾಕುವುದು ಮಾರುವವನನ್ನು, ಕುಡಿಯುವವನನ್ನಲ್ಲ. ಹಾಗಾಗಿ ರೂಮಿನಲ್ಲಿ ಬಾಟ್ಲಿ ಸಿಕ್ಕಿತು ಎಂದು ಪೊಲೀಸರ ಹೆಸರು ಹೇಳಿ ಮಗನನ್ನು ಹೆದರಿಸಲು ಹೋಗಬೇಡಿ. ಅವನು ಇದನ್ನೂ ಮೊಬೈಲಲ್ಲಿ ನೋಡಿಬಿಡುತ್ತಾನೆ. ವಾರಕ್ಕೊಮ್ಮೆಯೋ ದಿನವೂ ಕುಡಿಯುತ್ತಾನೋ, ಅದನ್ನು ತಿಳಿದುಕೊಳ್ಳಿ. ದಿನವೂ ಎಂದಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅದೇ ತಂದೆ: ಮತ್ತೆ ವಯಸ್ಸು 18ಕ್ಕೆ ಇಳಿಸಿದರು ಎಂದು ಟಿ.ವಿ.ಯಲ್ಲಿ ಬಂದಿತ್ತಲ್ಲ?

ಉತ್ತರ: ಇಳಿಸಲು ಹೊರಟಿದ್ದರು. 2023ರ ಜನವರಿಯಲ್ಲಿ ಸರ್ಕಾರ ಕರಡು ಹೊರಡಿಸಿತು. ನಿಯಮದಲ್ಲಿರುವ 21ನ್ನು 18 ಮಾಡುವುದು, ಆಕ್ಷೇಪಣೆಗೆ 30 ದಿನ. ಜನ ಎಷ್ಟು ಬೈದರೆಂದರೆ ಆ 30 ದಿನ ಮುಗಿಯುವವರೆಗೂ ಕಾಯಲಿಲ್ಲ. ಅದೇ ತಿಂಗಳು ಕರಡು ವಾಪಸ್ ಹೋಯಿತು. ಇಳಿಸುತ್ತಾರಂತೆ ಎನ್ನುವ ಸುದ್ದಿಯಷ್ಟು ಜೋರಾಗಿ ವಾಪಸ್ ಪಡೆದ ಸುದ್ದಿ ಓಡಲಿಲ್ಲ. ಹಾಗಾಗಿ ಇವತ್ತಿಗೂ ಬಹಳ ಜನ 18 ಆಗಿಹೋಗಿದೆ ಎಂದುಕೊಂಡಿದ್ದಾರೆ.

ಮಂಡ್ಯ ಕಡೆಯ ವೈನ್ ಸ್ಟೋರ್ ಕ್ಯಾಷಿಯರ್: ಮೇಡಂ, ನಮ್ಮದು ಸಿಎಲ್-2 ಅಂಗಡಿ, ಅಂದರೆ ಚಿಲ್ಲರೆಯಾಗಿ ಬಾಟ್ಲಿ ಮಾರುವ ಲೈಸೆನ್ಸ್. ಸಂಜೆ ಏಳರಿಂದ ಹತ್ತರವರೆಗೆ ತಲೆ ಎತ್ತಲು ಆಗುವುದಿಲ್ಲ. ವಯಸ್ಸು ಕೇಳು ಎನ್ನುತ್ತೀರಿ. ಯಾರನ್ನು ಅಂತ ಕೇಳೋದು?

ಉತ್ತರ: ನಿಮ್ಮ ಕಷ್ಟ ಗೊತ್ತಿದೆ. ಒಂದು ಕೇಸಿಗಾಗಿ ಅಂಥದ್ದೇ ಕೌಂಟರಿನ ಒಳಗೆ ಒಂದು ಗಂಟೆ ಕೂತಿದ್ದೆ. ಮುಂದೆ ಕಬ್ಬಿಣದ ಕಂಬಿ, ನಡುವೆ ಗೇಣಗಲದ ಕಿಂಡಿ. ಕಿಂಡಿಯಿಂದ ಒಂದು ಕೈ ಬರುತ್ತದೆ, ಕೈಯಲ್ಲಿ ಮಡಚಿದ ನೋಟು. "ಎರಡು ನೈಂಟಿ" ಎನ್ನುತ್ತದೆ. ನೈಂಟಿ ಹೋಗುತ್ತದೆ, ಚಿಲ್ಲರೆ ಹೋಗುತ್ತದೆ, ಕೈ ಮಾಯ. ಮುಂದಿನ ಕೈ. ಆ ಒಂದು ಗಂಟೆಯಲ್ಲಿ ನಾನು ಪೂರ್ತಿ ನೋಡಿದ ಮುಖ ಮೂರೋ ನಾಲ್ಕೋ.

ಆ ಕೇಸಿನಲ್ಲಿ ಬಾಟ್ಲಿ ಕೊಂಡವನಿಗೆ 17. ಬೈಕಿನಿಂದ ಬಿದ್ದ, ಜೇಬಿನಲ್ಲಿ ಬಿಲ್ಲು ಸಿಕ್ಕಿತು. ನಿಮ್ಮಂಥ ಕ್ಯಾಷಿಯರ್ ಒಬ್ಬರು ನನ್ನೆದುರು ಕೂತು, "ಮೀಸೆ ಇತ್ತು ಮೇಡಂ, ದೇವರಾಣೆ ಮೀಸೆ ಇತ್ತು" ಎಂದು ಅತ್ತರು. ಮೀಸೆ ಸಾಕ್ಷಿ ಅಲ್ವಲ್ಲ!

ಹೀಗೆ ಮಾಡಿ. "21 ತುಂಬಿದವರಿಗೆ ಮಾತ್ರ, ಗುರುತಿನ ಚೀಟಿ ತೋರಿಸಿ" ಎಂದು ಕಿಂಡಿಯ ಪಕ್ಕದಲ್ಲೇ ದಪ್ಪ ಅಕ್ಷರದ ಬೋರ್ಡ್ ಹಾಕಿ, ಕಂಬಿಯ ಮೇಲೆಲ್ಲೋ ಬೇಡ. ಕ್ಯಾಮೆರಾ ಇದ್ದರೆ ಅದು ಮುಖ ಹಿಡಿಯುವಂತೆ ತಿರುಗಿಸಿ. ನಾನು ನೋಡಿದ ಅಂಗಡಿಯಲ್ಲಿ ಅದು ಗಲ್ಲಾ ಪೆಟ್ಟಿಗೆಯನ್ನೇ ನೋಡುತ್ತಿತ್ತು. ಅನುಮಾನ ಬಂದರೆ ಆಧಾರ್ ಅಥವಾ ಡಿಎಲ್ ಕೇಳಿ, ಮೊಬೈಲಿನ ಡಿಜಿಲಾಕರ್‌ನಲ್ಲಿದ್ದರೂ ಸಾಕು. ನೋಡಿ ವಾಪಸ್ ಕೊಡಿ, ಜೆರಾಕ್ಸ್ ಇಟ್ಟುಕೊಳ್ಳಬೇಡಿ. ಬೆಂಗಳೂರಿನ ಪಬ್‌ಗಳಲ್ಲಿ ಬಾಗಿಲಿನ ಬೌನ್ಸರ್ ಇದನ್ನೇ ಮಾಡುವುದು. ಎಂಜಿ ರಸ್ತೆಯಲ್ಲಿ ನಡೆಯುವುದು ಮಂಡ್ಯದಲ್ಲಿ ಯಾಕೆ ನಡೆಯಬಾರದು?

ಮೈಸೂರಿನ ಕಾಲೇಜು ಹುಡುಗ (20): ಮೇಡಂ, 18ಕ್ಕೆ ಓಟು ಹಾಕುತ್ತೇನೆ. ಕಾರು ಓಡಿಸುತ್ತೇನೆ. ನನ್ನ ಹೆಸರಿನ ಸೈಟು ಮಾರಬಹುದು. ತಪ್ಪು ಮಾಡಿದರೆ ದೊಡ್ಡವರ ಜೈಲಿಗೇ ಹೋಗುತ್ತೇನೆ. ಒಂದು ಬಿಯರ್ ಮಾತ್ರ ಯಾಕೆ ಬೇಡ?

ಉತ್ತರ: ತಮ್ಮಾ, ಚೆನ್ನಾಗಿ ವಾದ ಮಾಡುತ್ತೀಯ, ಲಾ ಓದು. ಇದು ಸುಮ್ನೆ ತಳ್ಳಿಹಾಕುವ ಪ್ರಶ್ನೆ ಅಲ್ಲ.

ಆದರೆ ನಮ್ಮ ಕಾನೂನಿನಲ್ಲಿ ದೊಡ್ಡವರಾಗುವುದು ಒಂದೇ ದಿನ ಅಲ್ಲ. ಓಟಿನ ವಯಸ್ಸು ಕೂಡ ಮೊದಲು 21 ಇತ್ತು, ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ 18ಕ್ಕೆ ಬಂತು. ಗಂಡಸಿನ ಮದುವೆ ವಯಸ್ಸು ಇವತ್ತಿಗೂ 21. ವಿಧಾನಸಭೆಗೆ ನಿಲ್ಲಲು 25. ಇನ್ನು ಮದ್ಯ ಸಂವಿಧಾನದ ರಾಜ್ಯಪಟ್ಟಿಯಲ್ಲಿರುವ ವಿಷಯ, ಅಂದರೆ ಕಾನೂನು ಮಾಡುವುದು ಆಯಾ ರಾಜ್ಯ. ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ, ಅದೂ ನಮ್ಮ ಬೆಂಗಳೂರಿನ ಮದ್ಯ ಕಂಪನಿ ಖೋಡೆ ಡಿಸ್ಟಿಲರೀಸ್ ಕೇಸಿನಲ್ಲೇ. ಹಾಗಾಗಿ ರಾಜ್ಯಕ್ಕೊಂದು ಅಂಕಿ.

ನಿನ್ನ ವಾದವನ್ನೇ ಹಿಡಿದು ಅಮೆರಿಕ ಒಮ್ಮೆ ನಡೆದು ನೋಡಿತು. 1971ರಲ್ಲಿ ಅಲ್ಲಿ ಓಟಿನ ವಯಸ್ಸು 18 ಆಯಿತು. ಓಟು ಕೊಟ್ಟ ಮೇಲೆ ಗ್ಲಾಸು ಯಾಕಿಲ್ಲ ಎಂದು ಹಲವು ರಾಜ್ಯಗಳು ಕುಡಿಯುವ ವಯಸ್ಸನ್ನೂ ಇಳಿಸಿದವು. ಒಂದು ರಾಜ್ಯದಲ್ಲಿ 18, ಪಕ್ಕದ ರಾಜ್ಯದಲ್ಲಿ 21. ಹುಡುಗರು ಗಡಿ ದಾಟಿ ಕುಡಿದು, ಕಾರು ಓಡಿಸಿಕೊಂಡು ಮನೆಗೆ ಹೊರಟರು. ಎಷ್ಟೋ ಹುಡುಗರು ಮನೆ ಸೇರಲೇ ಇಲ್ಲ. ಕೊನೆಗೆ 1984ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ, 21 ಮಾಡದ ರಾಜ್ಯಕ್ಕೆ ಹೆದ್ದಾರಿ ಹಣದಲ್ಲಿ ಕಡಿತ ಎಂದಿತು. ಸೌತ್ ಡಕೋಟ ರಾಜ್ಯ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. 1988ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ 21.

ಅಲ್ಲಿಗೆ ಚರ್ಚೆ ಮುಗಿಯಲಿಲ್ಲ ಅನ್ನು. 2008ರಲ್ಲಿ ಅಲ್ಲಿನ ನೂರಕ್ಕೂ ಹೆಚ್ಚು ಕಾಲೇಜುಗಳ ಮುಖ್ಯಸ್ಥರು, ಈ 21ರಿಂದ ಹುಡುಗರು ಬಾಗಿಲು ಹಾಕಿಕೊಂಡು ಒಂದೇ ಉಸಿರಿಗೆ ಕುಡಿಯುತ್ತಿದ್ದಾರೆ, ಮತ್ತೆ ಯೋಚಿಸಿ ಎಂದು ಸಹಿ ಹಾಕಿದರು. ಅವರ ಮಾತಿನಲ್ಲೂ ಹುರುಳಿದೆ. ದಾವಣಗೆರೆಯವರ ಮಗನ ಮಂಚದ ಕೆಳಗಿನ ಬಾಟ್ಲಿಗಳನ್ನೇ ನೋಡು.

ನನ್ನ ಅಭಿಪ್ರಾಯ ಕೇಳಿದರೆ, 21 ಇರಲಿ. ಕಾರಣ ನೀನಲ್ಲ, ನಿನ್ನ ಜೂನಿಯರ್. 18 ಎಂದರೆ ನಮ್ಮಲ್ಲಿ ಸೆಕೆಂಡ್ ಪಿಯುಸಿ ಮುಗಿಸುವ ವಯಸ್ಸು. ಒಂದೇ ಹಾಸ್ಟೆಲಿನಲ್ಲಿ 18ರವನೂ ಇರುತ್ತಾನೆ, 16ರವನೂ ಇರುತ್ತಾನೆ. ಒಬ್ಬನಿಗೆ ಬಾಟ್ಲಿ ಸಿಕ್ಕರೆ ರೂಮಿಗೆಲ್ಲ ಸಿಕ್ಕಂತೆ. 21ರವನು ಅಷ್ಟು ಹೊತ್ತಿಗೆ ಆ ಹಾಸ್ಟೆಲ್ ಬಿಟ್ಟಿರುತ್ತಾನೆ. ಜೊತೆಗೆ ಹಿಂದುಮುಂದು ಯೋಚಿಸುವ ಮೆದುಳಿನ ಭಾಗ ಬಲಿಯುವುದು ಇಪ್ಪತ್ತೈದರ ಸುಮಾರಿಗೆ ಎನ್ನುತ್ತಾರೆ ಡಾಕ್ಟರುಗಳು. ಕಾಯ್ದೆ, ನಿಯಮ ಎರಡರಲ್ಲೂ ಒಂದೇ ಅಂಕಿ ಬೇಕು ಎನ್ನುವುದಾದರೆ ಕಾಯ್ದೆಯ 18ನ್ನು 21ಕ್ಕೆ ಏರಿಸಬಹುದಿತ್ತು. 2023ರಲ್ಲಿ ಅದು ಯಾರಿಗೂ ಹೊಳೆಯಲಿಲ್ಲ. ಅಬಕಾರಿ ರಾಜ್ಯದ ಖಜಾನೆಯ ದೊಡ್ಡ ಕಂಬಗಳಲ್ಲಿ ಒಂದು, ಯಾಕೆ ಹೊಳೆಯಲಿಲ್ಲವೋ ನೀನೇ ಊಹಿಸು.

ಅದೇ ಹುಡುಗ: ಒಪ್ಪಲ್ಲ ಮೇಡಂ. ಕೇಳುವವರೇ ಇಲ್ಲದ ಮೇಲೆ 21 ಇದ್ದರೂ ಒಂದೇ, 18 ಇದ್ದರೂ ಒಂದೇ.

ಉತ್ತರ: ಇದನ್ನು ಮಾತ್ರ ಅಲ್ಲಗಳೆಯಲಾರೆ. ಆ ಕರಡು ಬಂದಾಗ ನಾವೆಲ್ಲ ಅಂಕಿಯ ಬಗ್ಗೆ ಕೂಗಾಡಿದೆವು. ಆ ಕಿಂಡಿಯ ಬಗ್ಗೆ ಯಾರೂ ಮಾತಾಡಲಿಲ್ಲ.

ಶಿವಮೊಗ್ಗದ ತಾಯಿಯೊಬ್ಬರು: ನನ್ನ ಮಗನಿಗೆ 15. ನಮ್ಮ ಮನೆಯವರು, "ಹೊರಗೆ ಕಲಿಯುವುದಕ್ಕಿಂತ ನಮ್ಮೆದುರೇ ಒಂದು ಗುಟುಕು ಕುಡಿಯಲಿ" ಎನ್ನುತ್ತಾರೆ. ಭಾನುವಾರ ಅವನನ್ನೇ ಅಂಗಡಿಗೆ ಕಳಿಸಿ ಕ್ವಾರ್ಟರ್ ತರಿಸುತ್ತಾರೆ. ತಪ್ಪಲ್ವಾ?

ಉತ್ತರ: ಅಕ್ಕಾ, ತಪ್ಪಷ್ಟೇ ಅಲ್ಲ, ಜೈಲು. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ನೋಡಿ. 18 ತುಂಬದ ಮಗುವಿಗೆ ಡಾಕ್ಟರ್ ಹೇಳದೆ ಮದ್ಯ ಕೊಟ್ಟರೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಕೊಟ್ಟವರು ಅಪ್ಪನಾದರೂ ಅಷ್ಟೇ, ಮದುವೆಮನೆಯ ಹಿತ್ತಲಲ್ಲಿ ಕೊಟ್ಟ ಮಾವನಾದರೂ ಅಷ್ಟೇ. ಮಕ್ಕಳ ಕೈಯಲ್ಲಿ ಮದ್ಯ ಸಾಗಿಸುವುದಕ್ಕೆ 78ನೇ ಸೆಕ್ಷನ್ ಇದೆ, ಶಿಕ್ಷೆ ಹೆಚ್ಚುಕಡಿಮೆ ಅದೇ. ಕ್ವಾರ್ಟರ್ ತರಲು ಕಳಿಸುವ ಅಪ್ಪಂದಿರು ನಮ್ಮ ಊರುಗಳಲ್ಲಿ ಕಡಿಮೆ ಏನಿಲ್ಲ. ಅದು ಬೀಡಿ ತರಿಸಿದಷ್ಟೇ ಸಲೀಸು ಎಂದುಕೊಂಡಿದ್ದಾರೆ. ಬೀಡಿ ತರಿಸುವುದೂ ತಪ್ಪೇ, ಆ ಮಾತು ಬೇರೆ.

ಈ ಉತ್ತರವನ್ನು ಮನೆಯವರಿಗೆ ತೋರಿಸಿ. ನನ್ನ ಹೆಸರು ಹೇಳಿ ಬೈದುಕೊಳ್ಳಲಿ, ಪರವಾಗಿಲ್ಲ.

ಹುಬ್ಬಳ್ಳಿಯಿಂದ: ಮೇಡಮ್ಮಾರ, ನಾವು ಬರೇ ಬಿಯರ್. ಬಿಯರ್‌ಗೂ ಇಷ್ಟೆಲ್ಲ ಕಾನೂನಾ?

ಉತ್ತರ: ಬಾಟ್ಲಿ ಮೇಲಿನ ಸಣ್ಣ ಅಕ್ಷರ ಓದಿ. ಸ್ಟ್ರಾಂಗ್ ಬಿಯರ್ ಶೇಕಡಾ 8ರವರೆಗೆ ಇರುತ್ತದೆ. 650 ಎಂಎಲ್ ಬಾಟ್ಲಿಯಲ್ಲಿ 52 ಎಂಎಲ್ ಆಲ್ಕೋಹಾಲ್. ವಿಸ್ಕಿ ಶೇಕಡಾ 42.8. 90ರ ಟೆಟ್ರಾ ಪ್ಯಾಕಿನಲ್ಲಿ 38 ಎಂಎಲ್ ಚಿಲ್ಲರೆ. ಲೆಕ್ಕ ನೀವೇ ಹಾಕಿ. ನಿಮ್ಮ "ಬರೇ ಬಿಯರ್" 60 ಎಂಎಲ್‌ನ ಎರಡು ಲಾರ್ಜ್ ಪೆಗ್‌ಗೆ ಸಮ. 21ರ ನಿಯಮ ಬಿಯರ್‌ಗೂ ಒಂದೇ. ಅದನ್ನು ಕುಡಿದು ಬೈಕ್ ಹತ್ತಿದರೆ, 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಎನ್ನುವ ಮಿತಿ ಸುಲಭವಾಗಿ ದಾಟಿರುತ್ತೀರಿ. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇದಕ್ಕೆ ವಯಸ್ಸಿನ ಲೆಕ್ಕ ಇಲ್ಲ.

ಬೆಳಗಾವಿಯಿಂದ: ಗೋವಾದಾಗ 18 ಅಂತಾರ. ನನಗೆ 19. ಅಲ್ಲಿ ಹೋಗಿ ಕುಡಿದರೆ?

ಉತ್ತರ: ಕೊಳ್ಳುವ ಜಾಗದ ಕಾನೂನು ನಡೆಯುತ್ತದೆ. ಅಲ್ಲಿ 18, ಹಾಗಾಗಿ ವಯಸ್ಸಿನ ತೊಂದರೆ ಇಲ್ಲ. ತೊಂದರೆ ಇರುವುದು ವಾಪಸ್ ಬರುವಾಗ. ಅಲ್ಲಿನ ಬಾಟ್ಲಿಯನ್ನು ಪರ್ಮಿಟ್ ಇಲ್ಲದೆ ಬ್ಯಾಗಿನಲ್ಲಿ ತುಂಬಿಕೊಂಡರೆ ಅನಮೋಡ ಚೆಕ್‌ಪೋಸ್ಟಿನಲ್ಲಿ ಇಳಿಸಿಕೊಳ್ಳುತ್ತಾರೆ. ಮಂಗಳೂರು ಕಡೆಯವರೂ ಕೇಳಿಸಿಕೊಳ್ಳಿ. ತಲಪಾಡಿ ದಾಟಿ ಕಾಸರಗೋಡಿಗೆ ಹೋದರೆ ಅದು ಕೇರಳ, ಅಲ್ಲಿ 23. ಇಲ್ಲಿ ಕೊಳ್ಳಬಹುದಾದ 22ರ ಹುಡುಗನಿಗೆ ಎರಡು ಹೆಜ್ಜೆ ಆಚೆ ಕೊಡುವಂತಿಲ್ಲ. ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21, ವಿಸ್ಕಿ ರಮ್ಮಿಗೆ 25.

ಮಂಡ್ಯದ ಕ್ಯಾಷಿಯರ್, ಮತ್ತೆ: ಮೇಡಂ, ಗುರುತಿನ ಚೀಟಿ ಕೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂದು ಓನರ್ ಹೇಳುತ್ತಾರೆ.

ಉತ್ತರ: ಹೋಗಲಿ ಬಿಡಿ. ಅಬಕಾರಿ ನೋಟಿಸೂ ಅವರ ಹಿಂದೆಯೇ ಪಕ್ಕದ ಅಂಗಡಿಗೆ ಹೋಗುತ್ತದೆ ಎಂದು ಹೇಳಿ.

ಕ್ಯಾಷಿಯರ್ (ಮರುದಿನ ರಾತ್ರಿ): ಬೋರ್ಡ್ ಹಾಕಿದ್ದೇನೆ ಮೇಡಂ. ಸಂಜೆ ಮೊದಲು ಕೈ ಚಾಚಿದ್ದು ನಮ್ಮ ಓನರ್ ಮಗ. 20 ವರ್ಷ. ಏನು ಮಾಡಲಿ?

ಉತ್ತರ: ಆಧಾರ್ ಕೇಳಿ.