ಸಹಾಯ ಬೇಕು: ಸ್ಮೋಕರ್‌ನಲ್ಲಿಟ್ಟ ಹಂದಿ ಮಾಂಸ 68 ಡಿಗ್ರಿಗೆ ನಿಂತುಬಿಟ್ಟಿದೆ

ಎಲ್ಲರಿಗೂ ನಮಸ್ಕಾರ. ನಾವು ಕೊಡಗಿನವರು, ಈಗ ಟೆಕ್ಸಾಸ್‌ನಲ್ಲಿದ್ದೇವೆ. ಊರಲ್ಲಿ ಅಜ್ಜಿ ಸೌದೆ ಒಲೆಯ ಮೇಲೆ ಹಂದಿ ಮಾಂಸ ತೂಗುಹಾಕಿ ಹೊಗೆ ಹಿಡಿಸುತ್ತಿದ್ದರು. ಆ ರುಚಿಯ ಆಸೆಗೆ ಎಲೆಕ್ಟ್ರಿಕ್ ಸ್ಮೋಕರ್ (ಮರದ ಹೊಗೆಯಲ್ಲಿ ಮಾಂಸವನ್ನು ನಿಧಾನವಾಗಿ ಬೇಯಿಸುವ ಪೆಟ್ಟಿಗೆ) ತಂದು ಇವತ್ತೇ ಮೊದಲ ಸಲ ಹಚ್ಚಿದ್ದೇನೆ.

ಎರಡೂವರೆ ಕಿಲೋ ಭುಜದ ಮಾಂಸಕ್ಕೆ ಉಪ್ಪು, ಕಾಳುಮೆಣಸು ಸವರಿ ಬೆಳಿಗ್ಗೆ 7ಕ್ಕೆ ಇಟ್ಟೆ. ಸ್ಮೋಕರ್ 110 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ. ಮಾಂಸದ ಒಳಗಿನ ಕಾವು 68ಕ್ಕೆ ಬಂದು ಎರಡು ಗಂಟೆಯಿಂದ ಅಲ್ಲೇ ನಿಂತಿದೆ, ಮೇಲೆಲ್ಲ ಬೆವರಿದ ಹಾಗೆ ಹನಿ. ತೇವ ಆರುವಾಗ ಹೀಗೆ ನಿಲ್ಲುತ್ತದೆ ಎಂದು ಗೊತ್ತು. ಆದರೆ ಎಳೆಎಳೆಯಾಗಿ ಬಿಡಿಸಲು 93ರಿಂದ 95ರವರೆಗೆ ಏರಬೇಕಲ್ಲ! ಈಗಲೇ ಫಾಯಿಲ್ ಸುತ್ತಲೇ, ಮೇಲ್ಪದರ ಇನ್ನಷ್ಟು ಕಪ್ಪಾಗಲಿ ಎಂದು ಕಾಯಲೇ?

ಇನ್ನೊಂದು. ಮರದ ಚೂರು ಮೂರು ಹಿಡಿ ಒಟ್ಟಿಗೇ ಹಾಕಿದೆ, ದಟ್ಟ ಬಿಳಿ ಹೊಗೆ ಬಂತು. ಅಂಚು ಮುರಿದು ಬಾಯಿಗಿಟ್ಟರೆ ಕಹಿ. ಒಂದು ಸಲಕ್ಕೆ ಎಷ್ಟು ಹಾಕುತ್ತೀರಿ? ಸಂಜೆ ಅತ್ತೆ ಮಾವ ಊಟಕ್ಕೆ ಬರುತ್ತಾರೆ, ಗೊತ್ತಿದ್ದವರು ದಯವಿಟ್ಟು ಬೇಗ ತಿಳಿಸಿ.