ಬಿಸಿಗೆ ಬೆಳ್ಳಗಾದ ಹವಳಗಳು ಮನೆಯ ತೊಟ್ಟಿಯಲ್ಲಿ ಚೇತರಿಸಿಕೊಳ್ಳಬಲ್ಲವೇ?

ಉಪ್ಪುನೀರು_ಬೆಂಗಳೂರು ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ಅಡಿ ಉದ್ದದ, ಕೆಳಗಿನ ಸಂಪ್ (ನೀರನ್ನು ಶೋಧಿಸುವ ಪುಟ್ಟ ತೊಟ್ಟಿ) ಸೇರಿ ಸುಮಾರು 190 ಲೀಟರ್ ಹಿಡಿಯುವ ಉಪ್ಪುನೀರಿನ ತೊಟ್ಟಿಯಿದೆ. ಎರಡೂವರೆ ವರ್ಷಗಳಿಂದ ಅದರಲ್ಲಿ ಮೆದು ಹವಳಗಳನ್ನಷ್ಟೇ ಸಾಕುತ್ತಿದ್ದೇನೆ: ಅಂಗೈ ಅಗಲದ ಒಂದು ಲೆದರ್ ಕೋರಲ್, ಒಂದು ಕಲ್ಲಿನ ತುಂಬ ಹಬ್ಬಿರುವ ಝೋವಾಂಥಿಡ್‌ಗಳು, ರೊಡ್ಯಾಕ್ಟಿಸ್ ಜಾತಿಯ ಆರು ಮಶ್ರೂಮ್‌ಗಳು ಮತ್ತು ಒಂದು ಗೊಂಚಲು ಝೀನಿಯಾ. ಜೊತೆಗೆ ಒಂದು ಜೋಡಿ ಕ್ಲೌನ್ ಮೀನುಗಳಿವೆ.

ಏಪ್ರಿಲ್ ಕೊನೆಯ ವಾರ ಸೋದರಮಾವನ ಮಗಳ ಮದುವೆಗೆಂದು ನಾಲ್ಕು ದಿನ ಅರಸೀಕೆರೆಗೆ ಹೋಗಿದ್ದೆವು. ಮನೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ತೊಟ್ಟಿಯ ಮೇಲೆ ಗಾಳಿ ಬೀಸುವ ಎರಡು ಫ್ಯಾನ್‌ಗಳಿಗೂ, ಆವಿಯಾದ ನೀರನ್ನು ತುಂಬಿಸುವ ಪುಟ್ಟ ಪಂಪಿಗೂ ನಾನು ಒಂದೇ ಅಡಾಪ್ಟರ್ ಬಳಸಿದ್ದೆ, ಅದು ಸುಟ್ಟುಹೋಗಿತ್ತು. ಹಿಂದಿರುಗಿದಾಗ ನೀರಿನ ಉಷ್ಣತೆ 31.8 ಡಿಗ್ರಿ, ಲವಣಾಂಶ 35ರಿಂದ 37 ಪಿಪಿಟಿಗೆ (ಸಾವಿರದಲ್ಲಿ 37 ಭಾಗಕ್ಕೆ) ಏರಿತ್ತು. ಅಲೆ ಎಬ್ಬಿಸುವ ಪಂಪುಗಳು ಇನ್ವರ್ಟರ್‌ನಲ್ಲಿದ್ದುದರಿಂದ ಮೀನುಗಳು ಉಳಿದವು.

ಗಾಬರಿಯಿಂದ ಅದೇ ರಾತ್ರಿ ಅರ್ಧದಷ್ಟು ನೀರನ್ನು ಬದಲಿಸಿದೆ. ಹವಳದೊಳಗಿನ ಪಾಚಿ ಮತ್ತೆ ಬೆಳೆಯಲಿ ಎಂದು ಬೆಳಕನ್ನು ಶೇಕಡಾ 60ರಿಂದ 100ಕ್ಕೆ ಏರಿಸಿದೆ. ನೀರು ಶುದ್ಧವಾಗಿರಲೆಂದು ಫಾಸ್ಫೇಟ್ ಹೀರುವ ಹರಳುಗಳನ್ನೂ ಹಾಕಿದೆ. ಇಂದಿಗೆ ಒಂಬತ್ತು ದಿನ. ಝೀನಿಯಾ ಕರಗಿಹೋಗಿದೆ, ಮಶ್ರೂಮ್‌ಗಳು ಹಾಲಿನಂತೆ ಬೆಳ್ಳಗಾಗಿ ನಾಣ್ಯದಷ್ಟಕ್ಕೆ ಕುಗ್ಗಿವೆ, ಲೆದರ್ ಕೋರಲ್ ತಲೆ ಬಾಗಿಸಿ ಮುಚ್ಚಿಕೊಂಡು ಮೇಣ ಬಳಿದಂತೆ ಹೊಳೆಯುತ್ತಿದೆ, ಝೋವಾಂಥಿಡ್‌ಗಳಲ್ಲಿ ಮುಕ್ಕಾಲು ಪಾಲು ಅರಳುತ್ತಿಲ್ಲ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ತೋರಿಸುತ್ತಿವೆ.

ಇವುಗಳಲ್ಲಿ ಯಾವುದು ಸತ್ತಿದೆ, ಯಾವುದು ಬದುಕಿದೆ ಎಂದು ತಿಳಿಯುವುದು ಹೇಗೆ? ಝೋವಾಂಥಿಡ್ ಕಲ್ಲನ್ನು ಹೊರತೆಗೆದು ಕುದಿಯುವ ನೀರಿನಲ್ಲಿ ತೊಳೆದು ಮತ್ತೆ ಬಳಸಬಹುದೇ?

ಹಳೆಯ_ಸಂಪ್ ಉತ್ತರ:

ಎಲ್ಲಕ್ಕಿಂತ ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಆ ಕಲ್ಲನ್ನು ದಯವಿಟ್ಟು ಕುದಿಸಬೇಡಿ, ಬಿಸಿನೀರಿನಲ್ಲಿ ಉಜ್ಜಲೂ ಬೇಡಿ. ಝೋವಾಂಥಿಡ್ ಮತ್ತು ಅವುಗಳ ಸಂಬಂಧಿಯಾದ ಪಾಲಿಥೋವಾಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ವಿಷವನ್ನು ಹೊಂದಿರುತ್ತವೆ. 1971ರಲ್ಲಿ ಹವಾಯಿಯ ಒಂದು ಪಾಲಿಥೋವಾದಿಂದ ಮೊದಲಿಗೆ ಬೇರ್ಪಡಿಸಲಾದ ಈ ವಿಷ ಕುದಿಸಿದರೂ ನಾಶವಾಗುವುದಿಲ್ಲ. ಬದಲಿಗೆ ಹಬೆಯ ಹನಿಗಳೊಂದಿಗೆ ಮೇಲೆದ್ದು ಮನೆಮಂದಿಯ ಶ್ವಾಸಕೋಶ ಸೇರುತ್ತದೆ. ಹೀಗೆ ಕಲ್ಲು ಕುದಿಸಿ ಇಡೀ ಕುಟುಂಬ ಜ್ವರ, ಕೆಮ್ಮು, ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಪ್ರಕರಣಗಳು ಬೇರೆ ದೇಶಗಳಲ್ಲಿ ವರದಿಯಾಗಿವೆ. ನಿಮ್ಮದು ಯಾವ ಜಾತಿಯೆಂದು ಕಣ್ಣಳತೆಯಲ್ಲಿ ಹೇಳಲಾಗದು, ಹಾಗಾಗಿ ಎಲ್ಲವೂ ವಿಷವುಳ್ಳವೆಂದೇ ಭಾವಿಸಿ ನಡೆದುಕೊಳ್ಳಿ. ಆ ಕಲ್ಲನ್ನು ಮುಟ್ಟುವಾಗ ಕೈಗವಸು, ಕನ್ನಡಕ ಎರಡೂ ಇರಲಿ; ಕೈಯಲ್ಲಿ ಗಾಯವಿದ್ದರೆ ಮುಟ್ಟಲೇಬೇಡಿ. ಅದು ಇರುವಲ್ಲೇ ಇರಲಿ, ಮುಚ್ಚಿಕೊಂಡ ಝೋವಾಂಥಿಡ್ ಸತ್ತ ಝೋವಾಂಥಿಡ್ ಅಲ್ಲ.

ಬೆಳ್ಳಗಾಗುವುದಕ್ಕೂ ಸಾಯುವುದಕ್ಕೂ ಬಹಳ ವ್ಯತ್ಯಾಸವಿದೆ. ಹವಳದ ಜೀವಕೋಶಗಳೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅದರ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತದೆ. ನೀರು ಬಿಸಿಯಾದಾಗ ಪಾಚಿಯ ಈ ಯಂತ್ರ ಕೆಡುತ್ತದೆ. ಹೀರಿಕೊಂಡ ಬೆಳಕನ್ನು ಆಹಾರವಾಗಿ ಪರಿವರ್ತಿಸಲಾಗದೆ ಅದು ಅಂಗಾಂಶವನ್ನು ಸುಡುವಂತಹ ಆಮ್ಲಜನಕದ ಸಂಯುಕ್ತಗಳನ್ನು ಉತ್ಪಾದಿಸತೊಡಗುತ್ತದೆ, ಆಗ ಹವಳ ತನಗೆ ಅನ್ನ ಹಾಕುತ್ತಿದ್ದವನನ್ನೇ ಹೊರದಬ್ಬುತ್ತದೆ. ಅಂದರೆ ನಿಮ್ಮ ಮಶ್ರೂಮ್‌ಗಳು ಬದುಕಿವೆ, ಆದರೆ ಉಪವಾಸವಿವೆ. ಅಂಗಾಂಶ ಇನ್ನೂ ಬಿಗಿಯಾಗಿದ್ದು ಕಲ್ಲಿಗೆ ಅಂಟಿಕೊಂಡಿದ್ದರೆ ಜೀವವಿದೆ ಎಂದರ್ಥ. ಲೋಳೆಯಾಗಿ ಕರಗಿ, ಕಂದು ನೂಲಿನಂತೆ ಕಿತ್ತುಬಂದು, ಕೊಳೆತ ವಾಸನೆ ಬಂದರೆ ಮಾತ್ರ ಅದು ಸತ್ತಿದೆ. ಝೀನಿಯಾದ ಅವಶೇಷವನ್ನು ಇಂದೇ ಕೊಳವೆಯಿಂದ ಎಳೆದು ಹೊರಹಾಕಿ, ಅಮೋನಿಯಾ ಪರೀಕ್ಷೆ ಮಾಡಿ.

ನಿಮ್ಮ ಕ್ರಮಗಳಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ಬೆಳಕು. ಮೇಲೆ ಹೇಳಿದ ಕಾರಣದಿಂದ ಶಾಖ ಮತ್ತು ಬೆಳಕು ಜೊತೆಗೂಡಿಯೇ ಹಾನಿ ಮಾಡುತ್ತವೆ. 1998ರ ಬಿಸಿಯಲ್ಲಿ ಪೆಸಿಫಿಕ್‌ನ ಸೊಸೈಟಿ ದ್ವೀಪಗಳ ಹವಳಗಳು ಅಷ್ಟಾಗಿ ಕೆಡದಿದ್ದುದಕ್ಕೆ ಆ ದಿನಗಳಲ್ಲಿ ಕವಿದಿದ್ದ ಮೋಡವೇ ಕಾರಣವಿರಬಹುದೆಂದು ಸಂಶೋಧಕರು ಬರೆದಿದ್ದಾರೆ. ನೀವು ಮೋಡ ತರಬೇಕಾದ ಹೊತ್ತಿನಲ್ಲಿ ಬಿಸಿಲು ತಂದಿದ್ದೀರಿ. ಇಂದೇ ಶೇಕಡಾ 30ಕ್ಕೆ ಇಳಿಸಿ, ದಿನಕ್ಕೆ ಏಳು ಗಂಟೆ ಸಾಕು. ಪೂರ್ತಿ ಕತ್ತಲೆಯೂ ಬೇಡ, ಏಕೆಂದರೆ ಅಂಗಾಂಶದಲ್ಲಿ ಉಳಿದಿರುವ ಅಲ್ಪಸ್ವಲ್ಪ ಪಾಚಿಯೇ ಮುಂದಿನ ಬೆಳೆಯ ಬಿತ್ತನೆ ಬೀಜ. ಎರಡು ವಾರದ ನಂತರ ವಾರಕ್ಕೆ ಶೇಕಡಾ 5ರಂತೆ ಏರಿಸಿ.

ಉಷ್ಣತೆ 26ರ ಆಸುಪಾಸಿನಲ್ಲಿ ನಿಂತಿರಲಿ. ಲವಣಾಂಶ ಇನ್ನೂ 36ರ ಮೇಲಿದ್ದರೆ ದಿನಕ್ಕೆ ಅರ್ಧ ಪಿಪಿಟಿಗಿಂತ ಹೆಚ್ಚು ಇಳಿಸಬೇಡಿ. ಅಳೆಯುವ ಮೊದಲು ರಿಫ್ರಾಕ್ಟೋಮೀಟರನ್ನು, ಅಂದರೆ ಲವಣಾಂಶ ಮಾಪಕವನ್ನು, 35 ಪಿಪಿಟಿಯ ದ್ರಾವಣದಲ್ಲಿ ಸರಿಹೊಂದಿಸಿಕೊಳ್ಳಿ, ಬರೀ ಆರ್‌ಓ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು. ಅಂದ ಹಾಗೆ, ನೀವು ತೊಟ್ಟಿಗೆ ಬಳಸುವ ನೀರು ಅಡುಗೆಮನೆಯ ಆರ್‌ಓ ಯಂತ್ರದ್ದೇ? ಕುಡಿಯುವ ನೀರಿನ ಯಂತ್ರಗಳು ರುಚಿಗಾಗಿ ಖನಿಜಗಳನ್ನು ಮರಳಿ ಬೆರೆಸುತ್ತವೆ. ಕುಡಿಯುವವರಿಗೆ ಅದು ಒಳ್ಳೆಯದು, ತೊಟ್ಟಿಗೆ ವರ್ಷಗಟ್ಟಲೆ ಶೇಖರವಾಗುವ ಕಸ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ವಸ್ತುಗಳ ಪ್ರಮಾಣ, ಸೊನ್ನೆ ತೋರಿಸುವ ನೀರೇ ಬೇಕು.

ಲೆದರ್ ಕೋರಲ್ ಬಗ್ಗೆ ಹೆಚ್ಚು ಚಿಂತಿಸಬೇಡಿ. ಮೇಣದಂತೆ ಕಾಣುವುದು ಅದು ಕಳಚಲಿರುವ ಪೊರೆ. ನೀರಿನ ಹರಿವು ನೇರವಾಗಿ ರಭಸದಿಂದ ಬಡಿಯದೆ, ಅದರ ಮೇಲೆ ಸುಳಿದುಹೋಗುವಂತೆ ಪಂಪಿನ ಮುಖ ತಿರುಗಿಸಿ. ಬುಡ ಕಪ್ಪಾಗಿ ಮೆತ್ತಗಾದರೆ ಮಾತ್ರ ಆ ಭಾಗವನ್ನು ಹರಿತವಾದ ಬ್ಲೇಡಿನಿಂದ ಕತ್ತರಿಸಬೇಕಾಗುತ್ತದೆ. ಸಂಕಟದಲ್ಲಿರುವ ಮೆದು ಹವಳಗಳು ಅಕ್ಕಪಕ್ಕದವನ್ನು ದೂರವಿಡಲು ರಾಸಾಯನಿಕಗಳನ್ನು ನೀರಿಗೆ ಬಿಡುತ್ತವೆ, ಆದ್ದರಿಂದ ಸಂಪಿನಲ್ಲಿ ಒಂದು ಚೀಲ ಆಕ್ಟಿವೇಟೆಡ್ ಕಾರ್ಬನ್ ಇರಲಿ. ಎರಡು ವಾರ ಹವಳಗಳಿಗೆ ಆಹಾರ ಕೊಡುವುದು ಬೇಡ, ಕಲ್ಲು ಜರುಗಿಸುವುದು ಬೇಡ. ಕೈಯನ್ನು ತೊಟ್ಟಿಯಿಂದ ಹೊರಗಿಡುವುದೇ ಈಗ ನೀವು ಮಾಡಬಹುದಾದ ದೊಡ್ಡ ಉಪಕಾರ.

ಆಸ್ಟಿನ್_ಕನ್ನಡಿಗ ಉತ್ತರ:

ಹಿರಿಯರ ಸಲಹೆಯಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಆಹಾರದ ವಿಷಯದಲ್ಲಿ ಮಾತ್ರ ನನ್ನ ಅನುಭವ ಬೇರೆ. ಉಪವಾಸವಿರುವ ಜೀವಿಗೆ ಎರಡು ವಾರ ಏನನ್ನೂ ಕೊಡದಿರುವುದು ಸರಿಯಲ್ಲ. ರೊಡ್ಯಾಕ್ಟಿಸ್ ಮಶ್ರೂಮ್‌ಗಳು ಆಹಾರವನ್ನು ಹಿಡಿದು ನುಂಗಬಲ್ಲವು. ಟೆಕ್ಸಾಸ್‌ನಲ್ಲಿ 2021ರ ಫೆಬ್ರವರಿಯ ಚಳಿಯಲ್ಲಿ ನಮಗೆ ಎರಡು ದಿನ ವಿದ್ಯುತ್ ಇರಲಿಲ್ಲ. ನಿಮ್ಮದಕ್ಕೆ ತದ್ವಿರುದ್ಧವಾಗಿ ನನ್ನ ತೊಟ್ಟಿ 17 ಡಿಗ್ರಿಗೆ ಇಳಿಯಿತು, ಆದರೆ ಫಲ ಒಂದೇ: ಹವಳಗಳು ಬೆಳ್ಳಗಾದವು. ಅತಿ ಚಳಿಯಲ್ಲೂ ಹವಳ ತನ್ನ ಪಾಚಿಯನ್ನು ಕಳೆದುಕೊಳ್ಳುತ್ತದೆ. ಆಗ ಮೂರು ದಿನಕ್ಕೊಮ್ಮೆ ಪಂಪುಗಳನ್ನು ಹದಿನೈದು ನಿಮಿಷ ನಿಲ್ಲಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಸಾಸಿವೆ ಕಾಳಿನಷ್ಟು ಮೈಸಿಸ್ ಸಿಗಡಿಯ ಚೂರನ್ನು ಪ್ರತಿಯೊಂದರ ಬಾಯಿಯ ಮೇಲೆ ಇಡುತ್ತಿದ್ದೆ. ತೆಗೆದುಕೊಂಡವು ಉಳಿದವು. ಅರ್ಧ ಗಂಟೆಯಾದರೂ ಮುಟ್ಟದಿದ್ದರೆ ಚೂರನ್ನು ಹೀರಿ ತೆಗೆಯಬೇಕು, ಇಲ್ಲವಾದರೆ ಅದೇ ಕೊಳೆತು ಅಂಗಾಂಶವನ್ನು ಕೆಡಿಸುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಆ ಎರಡು ಸೊನ್ನೆಗಳು. ಶುದ್ಧ ನೀರೆಂದರೆ ನೈಟ್ರೇಟ್, ಫಾಸ್ಫೇಟ್ ಸೊನ್ನೆಯಿರುವ ನೀರು ಎಂಬುದು ಈ ಹವ್ಯಾಸದ ಹಳೆಯ ತಪ್ಪು ತಿಳಿವಳಿಕೆ. ಹವಳದೊಳಗಿನ ಪಾಚಿಯೂ ಸಸ್ಯದಂತೆಯೇ, ಗೊಬ್ಬರವಿಲ್ಲದೆ ಅದು ಮತ್ತೆ ಚಿಗುರದು. ಫಾಸ್ಫೇಟ್ ಕೊರತೆಯಿರುವ ಹವಳಗಳು ಶಾಖ ಮತ್ತು ಬೆಳಕಿಗೆ ಬೇಗ ಬೆಳ್ಳಗಾಗುತ್ತವೆಂದು ಸೌತಾಂಪ್ಟನ್ ವಿಶ್ವವಿದ್ಯಾಲಯದ ಹವಳ ಪ್ರಯೋಗಾಲಯದವರು ತೋರಿಸಿದ್ದಾರೆ. ಆ ಹರಳುಗಳನ್ನು ಕೂಡಲೇ ತೆಗೆಯಿರಿ. ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ), ಫಾಸ್ಫೇಟ್ 0.05ರ ಹತ್ತಿರ ಇರುವಂತೆ ನೋಡಿಕೊಳ್ಳಿ. ಮೀನುಗಳಿಗೆ ಒಂದು ಹೊತ್ತು ಹೆಚ್ಚು ತಿನ್ನಿಸಿದರೆ ಅದು ತಾನಾಗಿ ಏರುತ್ತದೆ. ಸೊನ್ನೆಯಲ್ಲೇ ಬಿಟ್ಟರೆ ಮರಳಿನ ಮೇಲೆ ಗುಳ್ಳೆಗಳುಳ್ಳ ಕಂದು ಲೋಳೆ, ಅಂದರೆ ಡೈನೋಫ್ಲಾಜಿಲೇಟ್‌ಗಳು ಬೆಳೆಯಲು ದಾರಿಯಾಗುತ್ತದೆ. ಒಮ್ಮೆ ಅವು ಬಂದರೆ ಹವಳದ ಚಿಂತೆ ಎರಡನೆಯದಾಗಿಬಿಡುತ್ತದೆ.

ಕುಡ್ಲದ_ಕಡಲು ಉತ್ತರ:

ಫ್ಯಾನ್‌ಗಳ ಬಗ್ಗೆ ಒಂದು ಮಾತು. ಫ್ಯಾನ್ ನೀರನ್ನು ತಂಪಾಗಿಸುವುದು ಆವಿಯಾಗಿಸುವ ಮೂಲಕ. ಬೆಂಗಳೂರಿನ ಒಣ ಏಪ್ರಿಲ್‌ನಲ್ಲಿ ಅದು ಎರಡು ಮೂರು ಡಿಗ್ರಿ ಇಳಿಸೀತು. ನಮ್ಮ ಮಂಗಳೂರಿನ ಸೆಕೆಯಲ್ಲಿ ಗಾಳಿಯೇ ನೀರು ಕುಡಿದು ಕೂತಿರುವುದರಿಂದ ಒಂದು ಡಿಗ್ರಿ ಇಳಿಸುವುದೂ ಕಷ್ಟ, ನೀರು ತಂಪಾಗಿಸುವ ಯಂತ್ರವಾದ ಚಿಲ್ಲರ್ ಇಲ್ಲದೆ ಆಗದು. ನಿಮ್ಮಲ್ಲಿಯೂ ಜೂನ್ ನಂತರ ಹವೆಯಲ್ಲಿ ತೇವ ಹೆಚ್ಚಿದಾಗ ಫ್ಯಾನಿನ ಬಲ ಕುಂದುತ್ತದೆ, ಆದರೆ ಅಷ್ಟರಲ್ಲಿ ಹವೆಯೂ ತಂಪಾಗಿರುತ್ತದೆ ಎಂಬುದು ನಿಮ್ಮ ಅದೃಷ್ಟ. ಎರಡು ಫ್ಯಾನ್‌ಗಳನ್ನು ಎರಡು ಬೇರೆ ಅಡಾಪ್ಟರ್‌ಗಳಿಗೆ, ಎರಡು ಬೇರೆ ಪ್ಲಗ್ಗುಗಳಿಗೆ ಜೋಡಿಸಿ. ತುಂಬಿಸುವ ಪಂಪು ಮೂರನೆಯದರಲ್ಲಿರಲಿ.

ಬೆಂಗಳೂರಿನ ಕೆಲವರು ನಮ್ಮ ಕಡೆಯಿಂದ ಕಡಲ ನೀರನ್ನು ಡ್ರಮ್ಮುಗಳಲ್ಲಿ ತರಿಸಿಕೊಳ್ಳುತ್ತಾರೆ. ಚೇತರಿಸಿಕೊಳ್ಳುತ್ತಿರುವ ತೊಟ್ಟಿಗೆ ಅದನ್ನು ಬಳಸಬೇಡಿ. ನೇತ್ರಾವತಿ ಕಡಲು ಸೇರುವ ಅಳಿವೆಯ ಸುತ್ತ ಮಳೆಗಾಲದಲ್ಲಿ ಲವಣಾಂಶ ಬಹಳ ಇಳಿಯುತ್ತದೆ, ಜೊತೆಗೆ ದೋಣಿಗಳ ಎಣ್ಣೆ.

ಇದನ್ನೆಲ್ಲ ಓದಿ, ಕಲ್ಲಿನಂತಹ ಅಸ್ಥಿಪಂಜರವುಳ್ಳ ಗಡಸು ಹವಳಗಳ ಆಸೆ ಹುಟ್ಟುವವರಿಗೆ ಒಂದು ಎಚ್ಚರಿಕೆ: ಭಾರತದಲ್ಲಿ 2001ರಿಂದ ಗಡಸು ಹವಳಗಳೆಲ್ಲವೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿವೆ, ಅಂದರೆ ಹುಲಿಗೆ ಇರುವ ರಕ್ಷಣೆ ಅವುಗಳಿಗೂ ಇದೆ. ಕಡಲ ಬೀಸಣಿಗೆ ಮತ್ತು ಕಪ್ಪು ಹವಳಗಳೂ ಅದರಲ್ಲಿ ಸೇರಿವೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಮುಳುಗು ಹಾಕಲು ಹೋದವರು ಒಂದು ಚೂರನ್ನು ನೆನಪಿಗೆಂದು ತಂದರೂ ಅದು ಅಪರಾಧವೇ.

ಹಳೆಯ_ಸಂಪ್ ಉತ್ತರ:

ಆಹಾರದ ಬಗ್ಗೆ ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಮಶ್ರೂಮ್‌ಗಳಿಗೆ ಆಸ್ಟಿನ್‌ನವರು ಹೇಳಿದಂತೆ ಕೊಡಬಹುದು. ಲೆದರ್ ಕೋರಲ್‌ಗೆ ಬೇಡ, ಮುಚ್ಚಿಕೊಂಡಿರುವಾಗ ಅದು ತಿನ್ನುವುದಿಲ್ಲ. ಹರಳುಗಳನ್ನು ತೆಗೆಯಬೇಕೆಂಬುದು ನಾನು ಹೇಳಲು ಮರೆತ ಮಾತು. ಆದರೆ ಕಾರ್ಬನ್ ಇರಲಿ, ಅದು ಫಾಸ್ಫೇಟನ್ನು ಹೀರುವ ಹರಳಲ್ಲ.

ಉಪ್ಪುನೀರು_ಬೆಂಗಳೂರು ಉತ್ತರ:

ಏಳು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾಗಿದ್ದಕ್ಕೆ ಕ್ಷಮೆಯಿರಲಿ. ಅಡುಗೆಮನೆಯ ಯಂತ್ರದ ನೀರಿನ ಟಿಡಿಎಸ್ 64 ಇತ್ತು. ಈಗ ಪ್ರತ್ಯೇಕ ಫಿಲ್ಟರ್ ಹಾಕಿಸಿದ್ದೇನೆ. ಬೆಳಕು ಇಳಿಸಿದ ಮೊದಲ ವಾರ ಏನೂ ಬದಲಾಗಲಿಲ್ಲ, ನಿಜ ಹೇಳಬೇಕೆಂದರೆ ಎರಡು ಬಾರಿ ಎಲ್ಲವನ್ನೂ ತೆಗೆದುಬಿಡೋಣ ಎನ್ನಿಸಿತ್ತು. ಹತ್ತೊಂಬತ್ತನೆಯ ದಿನ ಲೆದರ್ ಕೋರಲ್ ಪೊರೆ ಕಳಚಿತು, ಮಾರನೆಯ ಬೆಳಗ್ಗೆ ಅಂಚಿನಲ್ಲಿ ಪಾಲಿಪ್‌ಗಳು (ಹವಳದ ಪುಟ್ಟ ಹೂವಿನಂತಹ ಬಾಯಿಗಳು) ಹೊರಗೆ ಬಂದಿದ್ದವು. ಮಶ್ರೂಮ್‌ಗಳಲ್ಲಿ ಎರಡು ಕರಗಿಹೋದವು. ಉಳಿದ ನಾಲ್ಕರಲ್ಲಿ ಮೊದಲು ಬಾಯಿಯ ಸುತ್ತ ತೆಳು ಕಾಫಿಯ ಬಣ್ಣ ಕಾಣಿಸಿಕೊಂಡಿತು, ಈಗ ಅಂಚಿನ ಒಂದು ಬೆರಳಗಲ ಬಿಟ್ಟರೆ ಮಿಕ್ಕೆಲ್ಲ ಕಂದಾಗಿದೆ. ಝೋವಾಂಥಿಡ್‌ಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಹೋಯಿತು, ಉಳಿದವು ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಅರಳುತ್ತವೆ. ಮುಗಿದೇಹೋಯಿತೆಂದುಕೊಂಡಿದ್ದ ಝೀನಿಯಾ ಕಲ್ಲಿನ ನೆರಳಿನ ಬದಿಯಲ್ಲಿ ಉಗುರಿನಷ್ಟು ಚಿಗುರಿ ಮುಷ್ಟಿ ಬಿಚ್ಚಿ ಮುಚ್ಚುವ ಆಟ ಶುರುಮಾಡಿದೆ.

ನೈಟ್ರೇಟ್ 6, ಫಾಸ್ಫೇಟ್ 0.04, ಉಷ್ಣತೆ 25.8. ಬೆಳಕು ಈಗ ಶೇಕಡಾ 50ರಲ್ಲಿದೆ. ಇದನ್ನು ಹಿಂದಿನಂತೆ 60ಕ್ಕೆ ಒಯ್ಯಬಹುದೇ?

ಹಳೆಯ_ಸಂಪ್ ಉತ್ತರ:

ಮಶ್ರೂಮ್‌ಗಳ ಅಂಚೂ ಕಂದಾಗುವವರೆಗೆ 50ರಲ್ಲೇ ಇರಲಿ. ಝೀನಿಯಾ ಚಿಗುರಿರುವ ಕಲ್ಲನ್ನು ಈಗಲೇ ಬೇರೆ ಕಲ್ಲುಗಳಿಂದ ನಾಲ್ಕು ಬೆರಳು ದೂರ ಸರಿಸಿಡಿ. ಚೇತರಿಸಿಕೊಂಡ ಝೀನಿಯಾ ಇಡೀ ತೊಟ್ಟಿಯನ್ನು ಆವರಿಸಿತೆಂದು ಮುಂದಿನ ವರ್ಷ ಇದೇ ಜಾಗದಲ್ಲಿ ನೀವು ದೂರುವುದನ್ನು ಓದಲು ನನಗೆ ಇಷ್ಟವಿಲ್ಲ.