ಬೋರು ಇನ್ನೂ ಆಳಕ್ಕೆ ಇಳಿಸಬೇಕಾ? ಅನುಭವ ಇದ್ದವರು ಹೇಳಿ

ಶಿರಹಟ್ಟಿ ತಾಲೂಕಿನಲ್ಲಿ ನಮ್ಮದು ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ. ಬೋರು 280 ಅಡಿ. ಮಳೆಗಾಲ ಮುಗಿದಾಗ ಎರಡು ಇಂಚು ನೀರು ಬರುತ್ತದೆ, ಶಿವರಾತ್ರಿ ಹೊತ್ತಿಗೆ ಬರೀ ಗಾಳಿ. 600 ಅಡಿಗೆ ಇಳಿಸಿ ಅಂತ ರಿಗ್‌ನವರು ಹೇಳುತ್ತಿದ್ದಾರೆ. ಏನು ಮಾಡಲಿ?

ಗದಗದಿಂದ:
ದುಡ್ಡು ಸುರಿಯುವ ಮುಂಚೆ, ಕೊರೆದಾಗ ಹೊರಬಂದ ಪುಡಿ ನೆನಪಿಸಿಕೊಳ್ಳಿ. ಮೊದಲು ಕೆಂಪು ಮಣ್ಣು. ಆಮೇಲೆ ಕೈಯಲ್ಲಿ ಹಿಚುಕಿದರೆ ಉದುರುವ ಗರಸು, ಅಂದರೆ ಕೊಳೆತ ಕಲ್ಲು. ಅದರ ಕೆಳಗೆ ತುಕ್ಕು ಬಣ್ಣ ಹಿಡಿದ ಕಲ್ಲಿನ ಚೂರು. ಕೊನೆಗೆ ಬರೀ ಬೂದಿ ಬಣ್ಣದ ಹಿಟ್ಟು, ಅಲ್ವಾ? ನೀರು ಕೂಡಿಟ್ಟುಕೊಳ್ಳುವುದು ಗರಸು. ಬೋರಿಗೆ ತಂದು ಕೊಡುವುದು ಅದರ ಕೆಳಗಿನ ಬಿರುಕು ಕಲ್ಲು. ಬಿರುಕಿನಲ್ಲಿ ನೀರು ಓಡಾಡಿದ್ದಕ್ಕೇ ಕಲ್ಲಿನೊಳಗಿನ ಕಬ್ಬಿಣ ತುಕ್ಕು ಹಿಡಿದಿರುತ್ತದೆ. ಬೂದಿ ಹಿಟ್ಟು ಬಂತು ಅಂದರೆ ಗಟ್ಟಿ ಬಂಡೆ. ಅಲ್ಲಿ ಬಿರುಕು ಸಿಕ್ಕರಷ್ಟೇ ನೀರು. ಗ್ರಾನೈಟ್ ಮತ್ತು ನೈಸ್ ಅನ್ನುವ ಪಟ್ಟೆಪಟ್ಟೆಯ ಗಟ್ಟಿ ಕಲ್ಲಿನಲ್ಲಿ ಒಳ್ಳೆಯ ಬಿರುಕುಗಳು ಹೆಚ್ಚಾಗಿ 300 ಅಡಿಯೊಳಗೇ ಇರುತ್ತವೆ. ಆಳದಲ್ಲಿ ಒಂದು ಸಿಕ್ಕರೂ ಅದು ತುಂಬಬೇಕಾದದ್ದು ಮೇಲಿಂದ ಇಳಿದ ನೀರಿನಿಂದಲೇ. ನಿಮ್ಮ ಬೋರು ಮಳೆಯಾದ ಮೇಲೆ ಮತ್ತೆ ನೀರು ಕೊಡುತ್ತಿದೆ. ಅಂದರೆ ಬಿರುಕು ಚೆನ್ನಾಗಿಯೇ ಇದೆ, ಖಾಲಿಯಾಗುತ್ತಿರುವುದು ಗರಸು. ಆ 320 ಅಡಿಯ ದುಡ್ಡನ್ನು ಗರಸಿಗೆ ನೀರು ಇಳಿಸುವುದಕ್ಕೆ ಹಾಕಿ.

ರಾಣೆಬೆನ್ನೂರು ಕಡೆಯಿಂದ:
ಮೇಲಿನ ಮಾತು ಸರಿ. ಆದರೆ ಕಲ್ಲು ಯಾವುದು ಅಂತ ನೋಡಿ. ಗ್ರಾನೈಟ್ ಕೊಳೆತರೆ ಬೆಣಚುಕಲ್ಲಿನ ಮರಳು ಉಳಿಯುತ್ತದೆ, ನೀರು ಸಲೀಸಾಗಿ ಬಿಡುತ್ತದೆ. ಪದರುಗಲ್ಲು, ಅದೇ ಶಿಸ್ಟ್, ಕೊಳೆತು ಜೇಡಿಯಾಗುತ್ತದೆ. ಅದರಲ್ಲಿ ನೀರು ಜಾಸ್ತಿಯೇ ಇರುತ್ತದೆ, ಆದರೆ ಬಿಡುವುದಿಲ್ಲ. ನಮ್ಮ ತೆರೆದ ಬಾವಿಯ ಗೋಡೆ ವರ್ಷಪೂರ್ತಿ ಒದ್ದೆ, ಒರತೆ ಮಾತ್ರ ಇಲ್ಲ. ಅದೇ ಗೋಡೆಯಲ್ಲಿ ಬಿಳಿ ಬೆಣಚುಕಲ್ಲಿನ ಒಂದು ಪಟ್ಟಿ ಹಾದುಹೋಗಿದೆ. ಸಿಗುವ ಅಷ್ಟಿಷ್ಟು ನೀರು ಅಲ್ಲಿಂದಲೇ ಜಿನುಗುತ್ತದೆ.

ನವಲಗುಂದದಿಂದ:
ನಮ್ಮ ಎರೆ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ ಸುಮ್ನೆ ನೀರು ನಿಲ್ಲಿಸಿದರೆ ಇಂಗುವುದಿಲ್ಲ. ಎರೆ ಮಣ್ಣು ಒದ್ದೆಯಾದ ಕೂಡಲೇ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಗರಸು ತಗಲುವವರೆಗೆ ಗುಂಡಿ ತೆಗೆಯಲೇಬೇಕು. ನಿಮ್ಮದು ಮಸಾರಿ, ಬದು ಹಾಕಿದರೂ ಒಂದಿಷ್ಟು ಇಂಗುತ್ತದೆ. ಒಂದು ಮಾತು: ಹಳ್ಳದ ರಾಡಿ ನೀರನ್ನು ನೇರವಾಗಿ ಬೋರಿಗೆ ಬಿಡಬೇಡಿ. ಹೂಳು ಬಿರುಕಿನೊಳಗೆ ಕೂತರೆ ತೆಗೆಯುವುದು ಬಹಳ ಕಷ್ಟ. ಮೊದಲು ಒಂದು ಗುಂಡಿಯಲ್ಲಿ ಕೆಸರು ತಳ ಸೇರಲಿ, ಆಮೇಲೆ ಜಲ್ಲಿ, ಮರಳು ದಾಟಿ ಇಳಿಯಲಿ.

ಮುಂಡರಗಿಯಿಂದ:
ಆಳಕ್ಕೆ ಇಳಿಸಿಯೇ ಇಳಿಸುತ್ತೀರಿ ಅಂದರೆ, ಕುಡಿಯುವ ಮುಂಚೆ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಕಲ್ಲಿನೊಳಗೆ ಬಹಳ ಕಾಲ ನಿಂತ ನೀರಿಗೆ ಅದು ಜಾಸ್ತಿ ಸೇರುತ್ತದೆ, ರುಚಿಯಲ್ಲಿ ಗೊತ್ತಾಗುವುದಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಹೊಲಕ್ಕಷ್ಟೇ ಬಳಸಿ, ಮಕ್ಕಳಿಗಂತೂ ಕೊಡಲೇಬೇಡಿ.